ಐತಾರ ಹಿಡಿದು

ಕಲಬುರಗಿ, ಹೈಕೋರ್ಟ್ ಪೀಠಕ್ಕೆ ಹೋಗುವ ದಾರಿ,
ಝೆರಾಕ್ಸ್ ಅಂಗಡಿಯ ಪಕ್ಕ ನನ್ನದೊಂದು ತಗಡಿನ ಗೂಡು.
ಟೈಪ್ ಮಾಡುತ್ತೇನೆ, ಪುಟಕ್ಕೆ ಮೂವತ್ತು ರೂಪಾಯಿ.
ಮೇ ತಿಂಗಳಲ್ಲಿ ಕೀಲಿಗಳೂ ಕಾದಿರುತ್ತವೆ.
ಪಾಲುಪಟ್ಟಿ, ಬಾಡಿಗೆ ಕರಾರು, ಹೆಸರು ಬದಲಾವಣೆ,
ಯಾರ ಯಾರದೋ ಜಗಳಕ್ಕೆ ನನ್ನ ಬೆರಳ ತುದಿ ಸವೆದಿದೆ.

ಆಕೆಯ ಕಾಗದ ಬಂದದ್ದು ಸೋಮವಾರ, ಮಧ್ಯಾಹ್ನ ಎರಡು ದಾಟಿ.
ವಕೀಲೆ ಮಾಲಿಪಾಟೀಲ ಮೇಡಂ ಕುತ್ತಿಗೆಯ ಬಿಳಿ ಪಟ್ಟಿ ಸಡಿಲಿಸುತ್ತ,
"ತೈಯಬಾ, ಹೆಸರು ಹೊಡೀಬ್ಯಾಡ. ಊರೂ ಬ್ಯಾಡ.
ಎಕ್ಸ್ ಅಂತ ಹಾಕು."
ಹಾಕಿದೆ.
ತೊಗರಿಬೇಳೆ ಮಿಲ್ಲಿನ ಧೂಳು ಇನ್ನೂ ಹುಬ್ಬಿಗಂಟಿದ್ದ
ಇಪ್ಪತ್ಮೂರು ವರ್ಷದ ಎಕ್ಸ್
ನನ್ನ ಸ್ಟೂಲಿನ ಮೇಲೆ ಕೂತು
ನೀರಿನ ಬಾಟಲಿಯ ಲೇಬಲ್ಲನ್ನು ಉಗುರಿನಿಂದ ಕೀಳುತ್ತಿದ್ದಳು.

ಠಾಣೆಯಲ್ಲಿ ದೂರು ಬರೆದುಕೊಳ್ಳಲು ಹತ್ತೊಂಬತ್ತು ದಿನ.
ತಾಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ,
ಆ ಚೀಟಿಗೆ ಸೀಲು ಇಲ್ಲವೆಂದು ಮತ್ತೆ ತಾಲೂಕಿಗೆ.
ವೈದ್ಯರ ಮಂಡಳಿ ಕೂರಬೇಕಿದ್ದ ಮಂಗಳವಾರ ಒಬ್ಬರು ರಜೆ.
ಶನಿವಾರ ಕೂತರು, ಬರೆದರು:
ಇಪ್ಪತ್ನಾಲ್ಕು ವಾರ, ಐದು ದಿನ.
ಕಾನೂನಿನ ಗೆರೆ ಇಪ್ಪತ್ನಾಲ್ಕಕ್ಕೆ.
ಆ ಐದು ದಿನಕ್ಕೆ ಹನ್ನೊಂದು ಪುಟ.

ಚಹಾದಂಗಡಿಗೆ ಆಗಲೇ ಸುದ್ದಿ. ಎಕ್ಸ್ ಅಂದರೂ ಸುದ್ದಿ.
"ಹುಟ್ಟಲಿ ಬಿಡ್ರಿ, ಯಾರರೆ ಸಾಕ್ತಾರ," ಅಂದ ಒಬ್ಬ
ಬಸಿಯಲ್ಲಿ ಚಹಾ ಆರಿಸುತ್ತ.
"ಬಚ್ಚೇ ಕಾ ಕ್ಯಾ ಕುಸೂರ್," ಅಂದ ಇನ್ನೊಬ್ಬ.
ಜೀವ ದೊಡ್ಡದು, ಎಂದರು ನೋಟರಿ ಗುಂಡೇರಾಯರು, ಮೆಲ್ಲಗೆ.
ಅದು ಸುಳ್ಳೆಂದು ನಾನು ಹೇಳಲಾರೆ.
ಎರಡು ಹೆತ್ತವಳು ನಾನು,
ಮೂರನೆಯದು ತಾನಾಗಿ ಜಾರಿದಾಗ ಗೋಡೆ ಕಡೆ ತಿರುಗಿ ಅತ್ತವಳು.
ಆದರೆ ಆ ಮಾತುಗಳೆಲ್ಲ ನನ್ನ ಗೂಡಿನತನಕ ಬಂದು
ಬಾಗಿಲಲ್ಲೇ ನಿಂತವು.
ಒಳಗೆ ಇದ್ದದ್ದು ಒಂದೇ ಸ್ಟೂಲು,
ಅದರ ಮೇಲೆ ಆಕೆ ಕೂತಿದ್ದಳು.

ಪ್ರಮಾಣಪತ್ರ ಇಂಗ್ಲಿಷಿನಲ್ಲಿರುತ್ತದೆ.
"ನನ್ನ ಭಾಷೆಯಲ್ಲಿ ಓದಿ ತಿಳಿಸಲಾಗಿದೆ" ಎಂಬ ಸಾಲು ಕೊನೆಗೆ.
ಎಷ್ಟೋ ಮಂದಿಗೆ ನಾನು ಓದಿಲ್ಲ,
ಹೆಬ್ಬೆಟ್ಟು ಒತ್ತುವ ಜಾಗ ತೋರಿಸಿದ್ದೇನೆ ಅಷ್ಟೆ.
ಅವತ್ತು ಓದಿದೆ. ಫ್ಯಾನು ಆರಿಸಿ, ಸಣ್ಣ ದನಿಯಲ್ಲಿ.
"ಸದರಿ ಘಟನೆ" ಎಂಬಲ್ಲಿ ಆಕೆಯ ಚಿಗವ್ವ ಎದ್ದು ಹೊರಗೆ ಹೋದಳು.
ಆಕೆ ಏಳಲಿಲ್ಲ.
ವಾರದ ಲೆಕ್ಕಕ್ಕೆ ಬಂದಾಗ ಮೊದಲ ಸಲ ಬಾಯಿಬಿಟ್ಟಳು:
"ಅಕ್ಕೋರ, ಇದರಾಗ ಐತಾರ ಹಿಡೀತಾರೇನ್ರಿ?"
"ಹಿಡೀತಾರವ್ವ."
"ನಮ್ ಮಿಲ್ಲಿನಾಗ ಹಿಡ್ಯಂಗಿಲ್ರಿ."
ಅಷ್ಟೇ.
ಆಮೇಲೆ ಸಹಿ ಮಾಡಿದಳು. ಪೂರ್ತಿ ಹೆಸರು,
ಕೆಳಗಿನ ಹಾಳೆಗೂ ಮೂಡುವಂತೆ ಒತ್ತಿ ಒತ್ತಿ.
ಅದನ್ನು ಲಕೋಟೆಗೆ ಹಾಕಿ ಅಂಟಿಸಿದರು.

ರಾತ್ರಿ ಕರೆಂಟು ಹೋಗಿತ್ತು. ಮಾಳಿಗೆಯ ಕಲ್ಲು ಇನ್ನೂ ಸುಡುತ್ತಿತ್ತು.
ಮಕ್ಕಳಿಗೆ ಗಾಳಿ ಬೀಸುತ್ತ ಲೆಕ್ಕ ಹಾಕಿದೆ:
ನೂರಾ ಎಪ್ಪತ್ಮೂರು ದಿನ.
ಇಪ್ಪತ್ನಾಲ್ಕು ಐತಾರ ಕಳೆದರೆ ನೂರಾ ನಲವತ್ತೊಂಬತ್ತು.
ಇಪ್ಪತ್ತೊಂದು ವಾರ, ಎರಡು ದಿನ.
ಮಿಲ್ಲಿನ ಸಾಹುಕಾರನ ಲೆಕ್ಕದಲ್ಲಾದರೆ
ಆಕೆ ಕಾನೂನಿನ ಒಳಗೇ ಇದ್ದಳು.

ಆದೇಶ ಬಂದದ್ದು ಮರುವಾರದ ಮಂಗಳವಾರ.
ಅಷ್ಟರಲ್ಲಿ ಇಪ್ಪತ್ತಾರು ವಾರ, ಒಂದು ದಿನ.
ಅನುಮತಿ ಇದೆ,
ತುಣುಕೊಂದನ್ನು ಸಾಕ್ಷಿಗಾಗಿ ಕಾಯ್ದಿಡತಕ್ಕದ್ದು.
ಆಕೆಯನ್ನು ನಾನು ಮತ್ತೆ ನೋಡಿಲ್ಲ.
ನೋಡಿದರೂ ಕರೆಯಲು
ನನ್ನ ಬಳಿ ಇರುವುದು ಒಂದು ಇಂಗ್ಲಿಷ್ ಅಕ್ಷರ.

ಬುಧವಾರ ಗೂಡು ಗುಡಿಸುವಾಗ
ಸ್ಟೂಲಿನ ಕೆಳಗೆ ಲೇಬಲ್ಲಿನ ನೀಲಿ ಚೂರುಗಳು.
ಪೊರಕೆ ಹಿಡಿದೇ ನಿಂತಿದ್ದೆ,
ಗಿರಾಕಿ ಬಂದ: ಬಾಡಿಗೆ ಕರಾರು,
ಹನ್ನೊಂದು ತಿಂಗಳು,
ಐತಾರ ಹಿಡಿದು.